ಅಜ್ಜಿಯ ಬಲಗಡೆಯ ದಿಂಬು

೨ ಫೆಬ್ರವರಿ, ಗುರುವಾರ

ಈ ಕಥೆ ಮೊದಲು ಹೇಳಿದವಳು ನನ್ನ ಅಜ್ಜಿ ದಹಬೊ. ಹೇಳಿದ್ದು ಇವತ್ತು, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಎರಡನೇ ಲೋಟ ಚಹಾದ ಹೊತ್ತಿಗೆ. ಹೇಳಿದ್ದು ನನಗಲ್ಲ. ನೆಸ್ರಿನ್‌ಗೆ.

ಯಾರು ಹೇಳಿದರು, ಯಾವಾಗ, ಯಾರಿಗೆ — ಹೀಗೆ ಬರೆದಿಟ್ಟುಕೊಳ್ಳಬೇಕೆಂದು ಎಂ.ಎ. ತರಗತಿಯಲ್ಲಿ ಕಲಿಸಿದ್ದಾರೆ. ಬರೆದೆ. ಮೂರನೆಯದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ.

ಅಕ್ಟೋಬರಿನಿಂದ ಅಜ್ಜಿಯ ಬೆನ್ನು ಬಿದ್ದಿದ್ದೇನೆ. ನಮ್ಮ ಕೋರ್ಸು ಪಶ್ಚಿಮದ ಸಮಾಜಗಳಲ್ಲಿ ಇಂದಿನ ಇಸ್ಲಾಂ. ನನ್ನ ಪ್ರಬಂಧ ನಮ್ಮೂರು, ಬ್ರಿಟನ್ನಿನ ಕಾರ್ಡಿಫ್ ಬಂದರಿನ ಬೀದಿಗಳ ಸೊಮಾಲಿ ಹೆಂಗಸರ ಸಿತಾದ್ ಬಗ್ಗೆ — ಗುರುವಾರ ಮಧ್ಯಾಹ್ನ ಒಂದು ಮನೆಯಲ್ಲಿ ಸೇರಿ, ಧೂಪ ಹಾಕಿ, ಡೋಲು ಬಾರಿಸಿ, ಲೋಕದ ಮೊದಲ ಹೆಣ್ಣು ತಾಯಿ ಹವ್ವಾಳನ್ನೂ ಪ್ರವಾದಿಯವರ ಮಗಳು ಫಾತಿಮಾರನ್ನೂ ನೆನೆದು ಹಾಡುವುದು. ಆ ಮನೆ ಅಜ್ಜಿಯದು. ಹಾಡು ಎತ್ತುವವಳು ಅಜ್ಜಿ. ಮೊಮ್ಮಗಳು ನಾನು. ಇನ್ನೇನು ಬೇಕು? 'ಬಾಲ್ಯದಿಂದ ಬಲ್ಲೆ' ಎಂದು ಪ್ರಸ್ತಾವದಲ್ಲಿ ಬರೆದೆ. ಬಲ್ಲೆ, ಬಾಗಿಲಾಚೆಯಿಂದ. ಅಮ್ಮನಿಗೆ ಸಿತಾದ್ ಸೇರದು. ಗುರುವಾರ ಬಂತೆಂದರೆ ನನ್ನನ್ನು ಮಸೀದಿಯ ಕುರಾನ್ ಪಾಠಕ್ಕೆ ಕಳಿಸುತ್ತಿದ್ದಳು. ಕಳೆದ ಬೇಸಿಗೆಯಿಂದ ಸಿತಾದೇ ನಿಂತುಹೋಗಿದೆ. ಅಜ್ಜಿಯ ಪಕ್ಕ ಕೂತು ಹಾಡಿನ ಪ್ರತಿ ಸಾಲಿಗೂ ಪಲ್ಲವಿಯ ಉತ್ತರ ಕೊಡುತ್ತಿದ್ದವಳು ಊರು ಬಿಟ್ಟಳಂತೆ.

ನಾನು ಏನು ಕೇಳಿದರೂ ಅಜ್ಜಿಯದು ಒಂದೇ ಮಾತು. "ನಿನಗೆ ಗೊತ್ತಿಲ್ವಾ ಅದು? ಹೋಗು, ಲಹೋಹ್ ತಿನ್ನು, ತಣ್ಣಗಾಗುತ್ತೆ." ಲಹೋಹ್ ಎಂದರೆ ನಮ್ಮ ಸೊಮಾಲಿ ದೋಸೆ.

ನೆಸ್ರಿನ್ ನನ್ನ ಸಹಪಾಠಿ. ಜರ್ಮನಿಯ ಡ್ಯೂಸ್‌ಬರ್ಗ್‌ನ ಟರ್ಕಿ ಮನೆತನದವಳು. ಅವಳ ಪ್ರಬಂಧ ಹಲಾಲ್ ಮುದ್ರೆಯ ಬಗ್ಗೆ. ಮಾಂಸದಂಗಡಿಗಳ ಬಗ್ಗೆ ಬರೆಯುವವಳು, ಪಾಪ, ಒಂದು ಮನೆಯೂಟ ಕಂಡಿಲ್ಲ ಎಂದು ನಾನೇ ಕರೆದುಕೊಂಡು ಹೋದೆ. ನಾನೇ!

ಒಳಗೆ ಬಂದಳು. ಅಜ್ಜಿ ಬಲಗಡೆಯ ಹಸಿರು ದಿಂಬನ್ನು ತಟ್ಟಿ, "ಇಲ್ಲಿ ಕೂರು, ಅಯೇಯೊ" ಎಂದಳು.

ಅಯೇಯೊ ಎಂದರೆ ಅಜ್ಜಿ. ನಮ್ಮಲ್ಲಿ ಅಜ್ಜಿ ಮೊಮ್ಮಗಳನ್ನೂ ಹಾಗೇ ಕರೆಯುವುದು. ಅದು ನನ್ನ ಹೆಸರು, ಇಪ್ಪತ್ತನಾಲ್ಕು ವರ್ಷದಿಂದ. ಇನ್ನು ಆ ದಿಂಬು... ನವೆಂಬರಿನಲ್ಲಿ ನಾನೊಮ್ಮೆ ಕೂತಾಗ, "ಏಳು, ಅದು ನಿಂದಲ್ಲ" ಎಂದಿದ್ದಳು.

ನೆಸ್ರಿನ್‌ಗೆ ಸೊಮಾಲಿ ಬರುವುದಿಲ್ಲ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ನಮ್ಮೊಡನೆ ಸೊಮಾಲಿ ಬಿಟ್ಟು ಬೇರೆ ಮಾತು ಆಡಿದ್ದೇ ಇಲ್ಲ. ಮಧ್ಯೆ ನಾನು ಕೂತು ಅತ್ತಣ ಮಾತು ಇತ್ತ, ಇತ್ತಣದ್ದು ಅತ್ತ. ಗೋಣಿ ಹೊರುವ ಕತ್ತೆ ಹೀಗೇ ಇರುತ್ತದೇನೋ.

"ಹವ್ವಾಳ ಹಾಡು ನಿಮಗೆ ಯಾರು ಕಲಿಸಿದ್ದು ಅಂತ ಕೇಳ್ತಿದ್ದಾಳೆ, ಅಯೇಯೊ."

ನಾನು ಐದು ಸಲ ಕೇಳಿದ ಪ್ರಶ್ನೆ. ಅಜ್ಜಿ ಚಹಾ ಲೋಟ ಕೆಳಗಿಟ್ಟಳು.

"ಯಾರೂ ಕಲಿಸಲಿಲ್ಲ ಅನ್ನು. ಉಳಿದ ಹಾಡೆಲ್ಲ ನನ್ನಮ್ಮನದು. ಹವ್ವಾಳ ಹಾಡು ಮಾತ್ರ ನಾನೇ ಕಟ್ಟಿದ್ದು. ಈ ಊರಲ್ಲಿ, ಆಸ್ಪತ್ರೆಯ ಮಂಚದ ಮೇಲೆ."

ಎಪ್ಪತ್ತೈದರ ಜನವರಿ. ತಾತ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು, ಸಮುದ್ರದಲ್ಲಿದ್ದ. ಅಜ್ಜಿ ಬಂದು ಒಂದು ವರ್ಷವೂ ಆಗಿರಲಿಲ್ಲ. ನೋವು ಶುರುವಾಯಿತು. ಪಕ್ಕದ ಮನೆಯವರು ಆಸ್ಪತ್ರೆಗೆ ಬಿಟ್ಟು ಹೋದರು. ಭಾಷೆ ಇಲ್ಲ, ಗುರುತಿನವರಿಲ್ಲ. "ತಾಯಿಯನ್ನ ಕರೆಯೋಣ ಅಂದ್ರೆ ತಾಯಿ ನಮ್ಮೂರು ಬುರ್‌ಅವೊದಲ್ಲಿ. ಅಷ್ಟು ದೂರದಿಂದ ಅವಳಿಗೆ ಹೇಗೆ ಕೇಳಿಸುತ್ತೆ? ಆಗ ಹವ್ವಾ ನೆನಪಾದ್ಳು. ಅವಳಿಗಂತೂ ತಾಯಿಯೇ ಇರಲಿಲ್ಲ."

ಹಾಗೆಂದು ಹಾಡಿದಳು. ಮೆಲ್ಲಗೆ, ಮೊಣಕಾಲು ತಟ್ಟುತ್ತ.

ಹವ್ವಾ, ತಾಯಿಯಿಲ್ಲದ ತಾಯೇ,
ನಿನ್ನ ಸೊಂಟ ಯಾರು ಹಿಡಿದರು?
ಮುಗಿಯುವ ನೋವು ಇದು ಎಂದು
ನಿನಗೆ ಯಾರು ಹೇಳಿದರು?

ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದೆ. ನೆಸ್ರಿನ್ ಕಣ್ಣು ಒರೆಸಿಕೊಂಡಳು. ಅವಳು ಒರೆಸಿಕೊಂಡಳು ಎಂದು ನಾನು ಒರೆಸಿಕೊಳ್ಳಲಿಲ್ಲ.

ಆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು ನನ್ನ ಅಮ್ಮ.

೩ ಫೆಬ್ರವರಿ, ಶುಕ್ರವಾರ

ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಶುರುವಾಗುತ್ತದೆ. "ಬೇಡಬೇಕಾದ್ದು ಅಲ್ಲಾಹನ ಹತ್ತಿರ. ಮಧ್ಯೆ ಹವ್ವಾ ಯಾಕೆ, ಡೋಲು ಯಾಕೆ?" ಮಸೀದಿಯ ಶನಿವಾರದ ಹೆಂಗಸರ ಪಾಠ ನಡೆಸುವವಳು ಅವಳೇ. ಚೆನ್ನಾಗಿ ಹೇಳಿಕೊಡುತ್ತಾಳೆ, ಅದು ನಿಜ.

ಲಹೋಹ್ ಹುಯ್ಯುತ್ತಿದ್ದಳು. ನನ್ನ ಪುಸ್ತಕದ ರಾಶಿ ನೋಡಿ, "ಎಲ್ಲರ ಸಂದರ್ಶನ ಮಾಡ್ತೀಯ. ನನ್ನದು ಯಾಕಿಲ್ಲ? ನಾನೂ ಪಶ್ಚಿಮದ ಸಮಾಜದ ಮುಸ್ಲಿಂ ಹೆಂಗಸೇ ತಾನೆ?" ಎಂದಳು.

"ನಿನ್ನದು ಎಲ್ಲರೂ ಬರೆದಾಗಿದೆ ಹೋಯೊ. ಗ್ರಂಥಾಲಯದಲ್ಲಿ ಎರಡು ಕಪಾಟು ಇದೆ."

ಹೋಯೊ ಎಂದರೆ ಅಮ್ಮ. ಅವಳು ನಗಲಿಲ್ಲ. ಕಾವಲಿಯ ಮೇಲಿನದು ಸೀದಿತು.

೬ ಫೆಬ್ರವರಿ, ಸೋಮವಾರ

ಸೆಮಿನಾರ್. ನಮ್ಮ ಪ್ರಬಂಧಗಳ ಮಾರ್ಗದರ್ಶನ ಮಾಡುವ ಡಾ. ಮೆರೆಡಿತ್ ಬಾಗಿಲು ತೆರೆಯುವ ಮೊದಲೇ ನೆಸ್ರಿನ್ ಅವರ ಕೋಣೆಯ ಮುಂದಿದ್ದಳಂತೆ. ಹಲಾಲ್ ಮುದ್ರೆ ಬಿಡುತ್ತಾಳಂತೆ. ಸಿತಾದ್ ತೆಗೆದುಕೊಳ್ಳುತ್ತಾಳಂತೆ.

"ಹಿಬಾಕ್, ನಿನಗೆ ಬೇಸರ ಇಲ್ಲ ತಾನೆ?" ಎಂದು ಕೇಳಿದಳು. ಎಲ್ಲರ ಮುಂದೆ. ಹಾಗೆ ಕೇಳಿದರೆ ಏನು ಹೇಳಲಿ? "ಛೇ, ಬೇಸರ ಎಂಥದ್ದು" ಎಂದೆ.

ಡಾ. ಮೆರೆಡಿತ್‌ಗೆ ಖುಷಿಯೋ ಖುಷಿ. "ಒಂದೇ ಕೋಣೆ, ಒಬ್ಬಳು ಒಳಗಿನವಳು, ಒಬ್ಬಳು ಹೊರಗಿನವಳು! ಇಂಥದ್ದು ಸಿಗೋದೇ ಅಪರೂಪ!"

ಒಳಗಿನವಳು ಯಾರು, ಹೊರಗಿನವಳು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ದಿಂಬಿನ ಮೇಲೆ ಯಾರು ಕೂತರು ಎಂದು ಅವರಿಗೇನು ಗೊತ್ತು?

೯ ಫೆಬ್ರವರಿ, ಗುರುವಾರ

ಮತ್ತೆ ಅವಳು, ಮತ್ತೆ ದಿಂಬು, ಮತ್ತೆ ನಾನು ಮಧ್ಯೆ.

ಅಜ್ಜಿಯ ಗೆಳತಿ ಖದ್ರಾ ಎಡ್ಡೊ ಬಂದಿದ್ದಳು. ಎಡ್ಡೊ ಎಂದರೆ ಅತ್ತೆ. ರಕ್ತಸಂಬಂಧ ಇಲ್ಲ, ಆದರೆ ಈ ಬೀದಿಯಲ್ಲಿ ಎಲ್ಲರಿಗೂ ಅವಳು ಅತ್ತೆಯೇ. ಮಂಡಿನೋವು, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ನೆಸ್ರಿನ್‌ಳನ್ನು ಮೇಲಿಂದ ಕೆಳಗೆ ನೋಡಿ, "ಒಳ್ಳೇ ಹುಡುಗಿ. ಮದುವೆ ಆಗಿದೆಯಾ ಕೇಳು. ನನ್ನ ಮಗನಿಗೆ ನಲವತ್ತು, ಹಲ್ಲೆಲ್ಲ ಅವನದೇ" ಎಂದಳು.

ಅನುವಾದಿಸಿದೆ. ಅದನ್ನು ಮಾತ್ರ ಅಕ್ಷರ ಬಿಡದೆ.

ನೆಸ್ರಿನ್ ನಕ್ಕಳು. ಎಲ್ಲದಕ್ಕೂ ನಗುತ್ತಾಳೆ. ಅಜ್ಜಿ ಅವಳಿಗೆ ತನ್ನೂರಿನದೊಂದು ಹಾಡಲು ಹೇಳಿದಳು. ಹಾಡಿದಳು, ಅವಳ ಅಜ್ಜಿ ತೊಟ್ಟಿಲು ತೂಗುವಾಗ ಹೇಳುತ್ತಿದ್ದದ್ದಂತೆ. ಧ್ವನಿ... ಇರಲಿ. ಚೆನ್ನಾಗಿತ್ತು ಎಂದು ಬರೆಯಲು ಕೈ ಬರುತ್ತಿಲ್ಲ. ಕಿಟಕಿಯಾಚೆ ಹೋಗುತ್ತಿದ್ದವನು ಸೈಕಲ್ ನಿಲ್ಲಿಸಿದ.

ನಾನು ಹಾಡಿದರೆ ಜನ ಸೈಕಲ್ ಜೋರಾಗಿ ತುಳಿಯುತ್ತಾರೆ.

೨೪ ಫೆಬ್ರವರಿ, ಶುಕ್ರವಾರ

ಎರಡು ವಾರ ಏನೂ ಬರೆದಿಲ್ಲ. ಬರೆಯುವುದೇನು? ನೆಸ್ರಿನ್‌ಗೆ ಹವ್ವಾಳ ಹಾಡಿನ ಉತ್ತರದ ಸಾಲು ಬಾಯಿಪಾಠ ಬಂತು. 'ಯಾರು ಹೇಳಿದರು, ಹವ್ವಾ, ಯಾರು ಹೇಳಿದರು.' ಭಾಷೆ ಗೊತ್ತಿಲ್ಲದೆ, ಗಂಟಲಿನ 'ಹ' ಸಹಿತ, ಬುರ್‌ಅವೊದಲ್ಲಿ ಹುಟ್ಟಿದವಳ ಹಾಗೆ. ಅಜ್ಜಿ ಅವಳ ಗಲ್ಲ ಹಿಡಿದು ಮುತ್ತಿಟ್ಟಳು.

ನನ್ನ ಸೊಮಾಲಿ ಕೇಳಿದರೆ ಅಜ್ಜಿ ಕಿವಿಗೆ ಕೈ ಅಡ್ಡ ಹಿಡಿಯುತ್ತಾಳೆ. "ಇದ್ಯಾವ ಸೊಮಾಲಿನೇ? ಚಿಪ್ಸ್ ಅಂಗಡಿಯಲ್ಲಿ ಕಲಿತದ್ದಾ?"

ಹಟ ಹಿಡಿದು ಎರಡನೇ ಅಧ್ಯಾಯ ಬರೆದು ಮುಗಿಸಿದೆ. 'ಬಲಗಡೆಯ ಆಸನ: ಹೆಂಗಸರ ಭಕ್ತಿವಲಯದಲ್ಲಿ ಉತ್ತರಾಧಿಕಾರ.' ಹಾಡು ಎತ್ತುವವಳ ಬಲಕ್ಕೆ ಕೂತವಳೇ ಮುಂದಿನ ವಾರಸುದಾರಳು ಎಂದು ವಾದ. ಯಾರೂ ಹೇಳಿದ್ದಲ್ಲ, ನಾನೇ ಕಂಡುಕೊಂಡದ್ದು. ಎದೆಯಲ್ಲಿ ಇಷ್ಟು ಉರಿಯಬೇಕಾದರೆ ಅದು ವಾರಸುದಾರಳ ಜಾಗವೇ ಇರಬೇಕು.

೨ ಮಾರ್ಚ್, ಗುರುವಾರ

ಡಾ. ಮೆರೆಡಿತ್ ಅಧ್ಯಾಯ ಹಿಂದಿರುಗಿಸಿದರು. ಅಂಚಿನಲ್ಲಿ 'ಅದ್ಭುತ ಒಳನೋಟ'. ನೆಸ್ರಿನ್‌ಗೆ ಕಾಣುವ ಹಾಗೆ ಮೇಜಿನ ಮೇಲೆ ತೆರೆದಿಟ್ಟು ಕಾಫಿ ತರಲು ಹೋದೆ. ಬಂದಾಗ ಓದಿ ಮುಗಿಸಿದ್ದಳು.

"ಹಿಬಾಕ್, ಇದು ನಿಜವಾದರೆ ನಾನು ಅಲ್ಲಿ ಕೂರಬಾರದಲ್ಲ?"

"ಅಜ್ಜಿಯ ಇಷ್ಟ."

"ಕೇಳು ಅವರನ್ನ."

"ಕೇಳ್ತೀನಿ."

ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾಳೋ ಎಂಬ ಭಯ. ಹೌದು, ಇವಳೇ ವಾರಸುದಾರಳು ಎಂದುಬಿಟ್ಟರೆ?

೯ ಮಾರ್ಚ್, ಗುರುವಾರ

ಮಾಡಬಾರದ್ದು ಮಾಡಿದೆ. ಮಾಡಿಯಾಯಿತು.

ನನ್ನ ಚಿಕ್ಕಮ್ಮನ ಮಗಳು ಇಲ್ಹಾನ್‌ಗೆ ಎಂಟು ತಿಂಗಳು. ಚೊಚ್ಚಲು, ಹೆದರಿಕೊಂಡಿದ್ದಾಳೆ. ರಂಜಾನ್‌ಗೆ ಮೊದಲೇ ಅವಳಿಗೊಂದು ಸಿತಾದ್ ಇಡಬೇಕು ಎಂದು ಅಜ್ಜಿ ಗೊತ್ತು ಮಾಡಿದ್ದಾಳೆ. ಬೇಸಿಗೆಯ ನಂತರ ಮೊದಲನೆಯದು. ನಾನು ಜನ್ಮದಲ್ಲಿ ನೋಡಲಿರುವ ಮೊದಲನೆಯದು.

ಅಜ್ಜಿ ನೆಸ್ರಿನ್‌ಳ ಕೈ ಹಿಡಿದು ನನ್ನ ಕಡೆ ತಿರುಗಿದಳು.

"ಇವಳಿಗೆ ಹೇಳು. ಬರೋ ಗುರುವಾರ ಬರಬೇಕು. ನನ್ನ ಬಲಕ್ಕೆ ಕೂತು ಉತ್ತರ ಕೊಡಬೇಕು. ಆಸ್ಪತ್ರೆಯ ಕಥೆ ಅರ್ಧ ಉಳಿದಿದೆಯಲ್ಲ, ಅದನ್ನೂ ಅವತ್ತೇ ಹೇಳ್ತೀನಿ, ಎಲ್ಲರ ಎದುರಿಗೆ."

ನೆಸ್ರಿನ್ ನನ್ನ ಮುಖ ನೋಡಿದಳು. ಇಂಗ್ಲಿಷಿನಲ್ಲಿ ಹೇಳಿದೆ: "ಅಜ್ಜಿಗೆ ದಣಿವಾಗಿದೆಯಂತೆ. ಬರೋ ಗುರುವಾರ ಬೇಡವಂತೆ. ಮನೆಯವರದ್ದೇ ಏನೋ ಇದೆ."

ಬಾಯಿಂದ ತಾನಾಗಿ ಬಂತು. ಉಸಿರು ಬಂದ ಹಾಗೆ.

"ಅಯ್ಯೋ, ಖಂಡಿತ. ವಿಶ್ರಾಂತಿ ತಗೊಳ್ಳಲಿ" ಎಂದು ನೆಸ್ರಿನ್ ಎದ್ದಳು. ಅಜ್ಜಿಯ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡಳು, ಅವರ ಕಡೆಯ ಪದ್ಧತಿ.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

"ಹೇಳಿದ್ಯಾ?"

"ಹೇಳಿದೆ."

"ಎಲ್ಲಾನೂ?"

"ಎಲ್ಲಾನೂ."

"ಇಂಗ್ಲಿಷ್‌ನಲ್ಲಿ ಎಷ್ಟು ಚಿಕ್ಕದಾಗಿಬಿಡುತ್ತೆ!" ಎಂದು ಚಹಾ ಬಗ್ಗಿಸಿದಳು.

೧೪ ಮಾರ್ಚ್, ಮಂಗಳವಾರ

ನೆಸ್ರಿನ್ ಅಜ್ಜಿಗೆಂದು ಒಂದು ಸೀಸೆ ದಾಳಿಂಬೆ ರಸ ಕೊಟ್ಟಳು. ದಣಿವಿಗೆ ಒಳ್ಳೆಯದಂತೆ. ಅವಳ ತಾಯಿ ಜರ್ಮನಿಯಿಂದ ಕಳಿಸಿದ್ದು.

ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಒಂದು ಸಣ್ಣ ದುರ್ಗುಣ. ಬೆನ್ನ ಹಿಂದೆ ಒಂದು ಮಾತು. ಏನೂ ಇಲ್ಲ. ಸೀಸೆ ನನ್ನ ಕೋಣೆಯಲ್ಲಿದೆ, ನನ್ನನ್ನೇ ನೋಡುತ್ತಿದೆ. ಅಜ್ಜಿಗೆ ಕೊಟ್ಟರೆ ಯಾಕೆ ಎಂದು ಕೇಳುತ್ತಾಳೆ. ಚೆಲ್ಲಲು ಮನಸ್ಸಿಲ್ಲ.

ಒಂದು ಸಂದೇಶ ಹಾಕಿದರೆ ಮುಗಿಯುತ್ತದೆ: 'ತಪ್ಪಾಗಿ ಕೇಳಿಸಿಕೊಂಡೆ, ಗುರುವಾರ ಬಾ.' ಬರೆದೆ. ಅಳಿಸಿದೆ. ಮತ್ತೆ ಬರೆದೆ...

ಒಂದು ಗುರುವಾರ. ಒಂದೇ ಒಂದು. ದಿಂಬು ಖಾಲಿ ಇದ್ದರೆ ಅಜ್ಜಿ ಸುತ್ತ ನೋಡುತ್ತಾಳೆ. ನಾನಿರುತ್ತೇನೆ. ಮತ್ತೆ ಯಾರನ್ನು ಕರೆಯುತ್ತಾಳೆ? ಉತ್ತರದ ಸಾಲು ನನಗೂ ಬರುತ್ತದೆ. ಧ್ವನಿ ಇಲ್ಲದಿದ್ದರೇನು, ಭಾಷೆ ಗೊತ್ತಿದೆ.

೧೬ ಮಾರ್ಚ್, ಗುರುವಾರ, ಸಂಜೆ

ಆದದ್ದು ಆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಕೋಣೆ ತುಂಬಿತು. ಸೋಫಾ ಗೋಡೆಗೆ ತಳ್ಳಿ ನೆಲದ ಮೇಲೆ ಕಂಬಳಿ. ತುಪ್ಪದಲ್ಲಿ ಹುರಿದ ಕಾಫಿ ಬೀಜ, ಹಲ್ವಾ, ಫ್ಲಾಸ್ಕುಗಳಲ್ಲಿ ಚಹಾ. ಮಧ್ಯೆ ಇಲ್ಹಾನ್, ಹೊಟ್ಟೆ ಮುಂದಿಟ್ಟುಕೊಂಡು. ನಾನು ಹೊಸ ದಿರಿಸು ಹಾಕಿ, ದಿಂಬಿಗೆ ಆದಷ್ಟು ಹತ್ತಿರ ನಿಂತಿದ್ದೆ.

ಅಜ್ಜಿ ನನ್ನ ಕೈಗೆ ಧೂಪದ ಬಟ್ಟಲು ಕೊಟ್ಟಳು. "ಬಾಗಿಲ ಹತ್ತಿರ ನಿಲ್ಲು."

ಬಾಗಿಲ ಹತ್ತಿರ! ಎಂ.ಎ. ವಿದ್ಯಾರ್ಥಿನಿ. 'ಅದ್ಭುತ ಒಳನೋಟ.' ಕೈಯಲ್ಲಿ ಕೆಂಡ. ನಿಂತೆ.

ಎಲ್ಲರೂ ಕೂತರು. ಡೋಲು ಮಡಿಲಲ್ಲಿ. ಅಜ್ಜಿ ಶುರು ಮಾಡಲಿಲ್ಲ. ಬಲಗಡೆ ದಿಂಬು ಖಾಲಿ. ನನ್ನ ಕಡೆ ನೋಡಲೂ ಇಲ್ಲ. ಚಹಾ ಒಂದು ಸುತ್ತು ಆಯಿತು. ಎರಡು ಸುತ್ತು ಆಯಿತು.

"ಯಾರಿಗೆ ಕಾಯ್ತಿದ್ದೀವಿ ದಹಬೊ?" ಖದ್ರಾ ಎಡ್ಡೊ ಮಂಡಿ ನೀವಿಕೊಂಡಳು. "ಹೀಗೇ ಕೂತಿದ್ರೆ ಇಲ್ಹಾನ್ ಇಲ್ಲೇ ಹೆತ್ತುಬಿಡ್ತಾಳೆ, ಹಾಡಿನ ಅಗತ್ಯವೇ ಇರಲ್ಲ."

"ಬರಬೇಕಾದವಳು ಬಂದಿಲ್ಲ."

"ಯಾಕಂತೆ?"

"ನನಗೆ ದಣಿವಂತೆ" ಎಂದಳು ಅಜ್ಜಿ.

ನಾನು ಬಗ್ಗಿ ಬಟ್ಟಲಿನ ಕೆಂಡ ಊದತೊಡಗಿದೆ.

"ಹಿಬಾಕ್. ಆ ಹುಡುಗಿಯ ನಂಬರ್ ಹಚ್ಚಿ ಫೋನ್ ಇಲ್ಲಿ ಕೊಡು."

ಕೊಟ್ಟೆ. ಅಜ್ಜಿ ಫೋನನ್ನು ಬಾಯಿಗೆ ಹತ್ತಿರ ಹಿಡಿದು ಶುರು ಮಾಡಿದಳು — ಇಂಗ್ಲಿಷಿನಲ್ಲಿ. ಬಂದರಿನ ಮುದುಕಿಯರು ಎಳೆದೆಳೆದು ಆಡುವ ಪಕ್ಕಾ ಕಾರ್ಡಿಫ್ ಇಂಗ್ಲಿಷಿನಲ್ಲಿ.

"ಹಲೋ ಲವ್. ನಾನು, ಹಿಬಾಕ್‌ಳ ಅಜ್ಜಿ. ನನಗೆ ದಣಿವೂ ಇಲ್ಲ, ಗಿಣಿವೂ ಇಲ್ಲ. ಹೇಳೋದ್ರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಿದೆ. ಟ್ಯಾಕ್ಸಿ ಹಿಡಿದು ಬಾ, ಎಲ್ಲರೂ ಕಾಯ್ತಿದ್ದಾರೆ."

ಕೋಣೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನನಗೊಬ್ಬಳಿಗೆ. ಖದ್ರಾ ಎಡ್ಡೊ ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹುಡುಗಿಗೆ ಗೊತ್ತಿರಲಿಲ್ಲ! ಬಾಡಿಗೆ ಆಫೀಸಿನವರ ಜೊತೆ ಜಗಳ ಆಡೋಕೆ ನಾವೆಲ್ಲ ಯಾರನ್ನ ಕರ್ಕೊಂಡು ಹೋಗ್ತಿದ್ವಿ ಅಂದ್ಕೊಂಡೆ?"

"ಮತ್ತೆ ಯಾಕೆ... ಇಷ್ಟು ದಿನ ನಾನು ಮಧ್ಯೆ..."

"ಇಂಗ್ಲಿಷಲ್ಲಿ ಅವಳಿಗೇ ಹೇಳಿದ್ದಿದ್ರೆ ನೀನು ಫೋನ್ ನೋಡ್ತಾ ಕೂರ್ತಿದ್ದೆ" ಎಂದಳು ಅಜ್ಜಿ. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೆಸ್ರಿನ್ ಬಂದಳು, ತಲೆಗೆ ಸ್ಕಾರ್ಫ್ ಅರ್ಧ ಸುತ್ತಿಕೊಂಡು. ನನ್ನನ್ನು ದಾಟಿ ನೇರ ಒಳಗೆ ಹೋದಳು. ದಿಂಬಿನ ಮೇಲೆ ಕೂತಳು. ಅಜ್ಜಿ ಉಳಿದರ್ಧ ಕಥೆ ಹೇಳಿದಳು, ಒಂದು ಸಾಲು ಸೊಮಾಲಿ, ಒಂದು ಸಾಲು ಇಂಗ್ಲಿಷ್. ನನಗೆ ಕೆಲಸವೇ ಇರಲಿಲ್ಲ.

"ನೋವಿನಲ್ಲಿ ಹವ್ವಾ, ಹವ್ವಾ ಅಂತ ಕೂಗ್ತಿದ್ದೆ. ಒಬ್ಬ ನರ್ಸ್ ಇದ್ದಳು, ಎಲೂನೆಡ್ ಅಂತ. ಹವ್ವಾ ಅಂದ್ರೆ ನನ್ನ ಅಕ್ಕನೋ ತಂಗಿನೋ ಇರಬೇಕು, ಹೊರಗೆ ಕೂತಿರಬೇಕು ಅಂದ್ಕೊಂಡಳು. ಓಡಿ ಹೋಗಿ ವರಾಂಡದಲ್ಲೆಲ್ಲ ಹುಡುಕಿದಳು. 'ಹವ್ವಾ! ಇಲ್ಲಿ ಹವ್ವಾ ಯಾರಮ್ಮ?' ಯಾರು ಓ ಅಂತಾರೆ? ವಾಪಸ್ ಬಂದು ನನ್ನ ಸೊಂಟಕ್ಕೆ ಕೈ ಕೊಟ್ಟು ಏನೋ ಹೇಳಿದಳು. ಆಗ ಅರ್ಥ ಆಗಲಿಲ್ಲ, ಭಾಷೆ ಕಲಿತ ಮೇಲೆ ಅವಳನ್ನೇ ಕೇಳಿದೆ. 'ಹವ್ವಾ ಬಂದಿಲ್ಲ ಕಣೆ, ನಾನಿದ್ದೀನಿ' ಅಂದಿದ್ದಳಂತೆ. ಆಮೇಲೆ ನಾನು ಒಂದು ಸಲ ಹವ್ವಾ ಅಂದ್ರೆ ಅವಳೂ ಒಂದು ಸಲ ಹವ್ವಾ ಅನ್ನೋಳು. ಈ ಹಾಡಿಗೆ ಮೊದಲ ಉತ್ತರ ಕೊಟ್ಟವಳು ಅವಳು. ಮಗು ಬರೋ ತನಕ ಬಿಡಲಿಲ್ಲ. ಇಂಗ್ಲಿಷ್ ಕಲಿಸಿದವಳೂ ಅವಳೇ."

ಆಮೇಲೆ ಈ ಮನೆಯಲ್ಲಿ ಸಿತಾದ್ ಶುರುವಾದಾಗ ಬಲಕ್ಕೆ ಎಲೂನೆಡ್ ಕೂತಳು. ಅವಳು ತೀರಿಕೊಂಡ ಮೇಲೆ ಮಾಲ್ಟಾದವಳೊಬ್ಬಳು. ಕೊನೆಗೆ ಜಮೈಕಾದ ಮಿಸ್ ಪರ್ಲ್, ಕಳೆದ ಬೇಸಿಗೆಯಲ್ಲಿ ಮಗನ ಜೊತೆ ಬ್ರಿಸ್ಟಲ್‌ಗೆ ಹೋದಳು.

"ಆ ಜಾಗ ಹೊರಗಿನಿಂದ ಬಂದವಳದು" ಎಂದಳು ಖದ್ರಾ ಎಡ್ಡೊ, ನನಗೆ ಕೇಳಲೆಂದೇ. "ಮನೆ ಮಗಳು ಅಲ್ಲಿ ಕೂತ್ರೆ ಬಂದವರನ್ನ ನೋಡಿಕೊಳ್ಳೋರು ಯಾರು? ಮನೆ ಮಗಳಿಗೆ ಧೂಪ. ಇಷ್ಟು ವರ್ಷ ಈ ಕೆಟ್ಟ ಮಂಡಿ ಇಟ್ಕೊಂಡು ನಾನು ಹಿಡಿದು ಸಾಕಾಯ್ತು."

ನನ್ನ ಎರಡನೇ ಅಧ್ಯಾಯ ಪೂರ್ತಿ ಸುಳ್ಳು. ಒಂದು ವಾಕ್ಯವೂ ಉಳಿಯುವುದಿಲ್ಲ. ಅಜ್ಜಿಯನ್ನು ಕೇಳು ಎಂದು ನೆಸ್ರಿನ್ ಅವತ್ತೇ ಹೇಳಿದ್ದಳಲ್ಲ. ಕೇಳಿದ್ದರೆ...

ಅಜ್ಜಿ ಹಾಡು ಎತ್ತಿದಳು. ಒಬ್ಬೊಬ್ಬರ ಮುಂದೆ ಬಗ್ಗಿ ಧೂಪ ಹಿಡಿದೆ. ಹೆಂಗಸರು ಹೊಗೆಯನ್ನು ಬೊಗಸೆಯಲ್ಲಿ ತುಂಬಿ ಮುಖಕ್ಕೆ, ತಲೆವಸ್ತ್ರದೊಳಕ್ಕೆ ಎಳೆದುಕೊಂಡರು. ಇಲ್ಹಾನ್ ಹೊಟ್ಟೆಯ ಸುತ್ತ ಹಿಡಿ ಎಂದಳು, ಹಿಡಿದೆ. ನೆಸ್ರಿನ್ ಉತ್ತರ ಕೊಟ್ಟಳು. ಅಯ್ಯೋ, ಎಂಥ ಧ್ವನಿ! ಈಗಲೂ ಹೊಟ್ಟೆ ಉರಿಯುತ್ತದೆ. ಅದು ಹೋಗಿಲ್ಲ. ಅವಳ ಮುಂದೆ ಬಟ್ಟಲು ಹಿಡಿದಾಗ ಹೊಗೆ ನನ್ನ ಕಣ್ಣಿಗೇ ಹೋಯಿತು.

"ಅದಕ್ಕೂ ಮೊದಲು ಇದನ್ನ ಯಾರು ಹಿಡೀತಿದ್ರು?" ಎಂದು ಎಡ್ಡೊಳನ್ನು ಕೇಳಿದೆ.

"ನಿನ್ನಮ್ಮ. ಮತ್ಯಾರು? ಹದಿನೇಳರ ತನಕ. ಆಮೇಲೆ ಪುಸ್ತಕ ಓದಿ ಬಿಟ್ಟಳು."

ಹಾಡು ಮುಗಿದ ಮೇಲೆ ಮೆಟ್ಟಿಲ ಹತ್ತಿರ ನೆಸ್ರಿನ್‌ಳನ್ನು ತಡೆದೆ. ದಣಿವು ಅಂದದ್ದು ನಾನೇ ಕಟ್ಟಿದ್ದು ಎಂದೆ.

"ಟ್ಯಾಕ್ಸಿಯಲ್ಲಿ ಬರುವಾಗ ಗೊತ್ತಾಯ್ತು" ಎಂದಳು. ಬೂಟಿನ ದಾರ ಕಟ್ಟುತ್ತಲೇ ಇದ್ದಳು. "ಸಿಟ್ಟು ಬಂದಿದೆ. ನಾಳೆಯೂ ಇರುತ್ತೆ. ಆದರೆ ನನಗೆ ಇಂಥ ಅಜ್ಜಿ ಇದ್ದಿದ್ರೆ ನಾನು ನಿನ್ನನ್ನ ಮನೆಗೇ ಕರ್ಕೊಂಡು ಬರ್ತಿರಲಿಲ್ಲ, ಹಿಬಾಕ್."

ಅದೇ ದಿನ ರಾತ್ರಿ, ಇಶಾ ನಮಾಜಿನ ನಂತರ

ಅಮ್ಮ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನನ್ನ ಕೋಟಿನ ವಾಸನೆ ಬಾಗಿಲಲ್ಲೇ ಗೊತ್ತಾಯಿತು.

"ಹೋಗಿದ್ಯಾ?"

"ಹೋಗಿದ್ದೆ."

"ಧೂಪ ಯಾರು ಹಿಡಿದ್ರು?"

"ನಾನು."

ಪಾಠ ಶುರುವಾಗುತ್ತದೆ ಎಂದು ಕಾದೆ. ಆಗಲಿಲ್ಲ. ಇಸ್ತ್ರಿಪೆಟ್ಟಿಗೆ ಹಿಂದಕ್ಕೆ ಮುಂದಕ್ಕೆ. ಆಗ ನಾನೇ ಶುರು ಮಾಡಿದೆ. ಜನವರಿ, ತಾತ ಸಮುದ್ರದಲ್ಲಿ, ಬುರ್‌ಅವೊದಲ್ಲಿ ತಾಯಿ, ತಾಯಿಯಿಲ್ಲದ ಹವ್ವಾ, ವರಾಂಡದಲ್ಲಿ ಓಡಿದ ಎಲೂನೆಡ್. ನನ್ನ ಚಿಪ್ಸ್ ಅಂಗಡಿ ಸೊಮಾಲಿಯಲ್ಲಿ. ಒಂದೂ ಬಿಡಲಿಲ್ಲ, ಒಂದೂ ಚಿಕ್ಕದು ಮಾಡಲಿಲ್ಲ. ಇಷ್ಟು ವಾರ ಅದನ್ನೇ ಹೊತ್ತು ತಿರುಗಿ ಅಜ್ಜಿಯ ಉಸಿರು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದೂ ಬಾಯಿಗೆ ಬಂದಿದೆ.

ಅಮ್ಮ ಇಸ್ತ್ರಿಪೆಟ್ಟಿಗೆ ಆರಿಸಿದಳು.

"ಎಲೂನೆಡ್ ಆಂಟಿ ಗೊತ್ತು. ಈದ್‌ಗೆ ನನಗೆ ಫ್ರಾಕ್ ತರ್ತಿದ್ದಳು. ಯಾಕೆ ತರ್ತಿದ್ದಳು ಅಂತ..." ಅಷ್ಟಕ್ಕೇ ನಿಲ್ಲಿಸಿದಳು. ಆಮೇಲೆ, "ಆ ಟರ್ಕಿ ಹುಡುಗಿಗೂ ಇದೆಲ್ಲ ಗೊತ್ತಾ?"

"ಅರ್ಧ ಮೊದಲು ಅವಳಿಗೇ ಹೇಳಿದ್ದು."

"ಇಲ್ಹಾನ್‌ಗೆ?"

"ಈಗ ಗೊತ್ತು."

"ಖದ್ರಾಗೆ?"

"ಅವಳಿಗೆ ಮೊದಲಿನಿಂದಲೂ ಗೊತ್ತಿರಬೇಕು, ಹೋಯೊ."

ಅಮ್ಮ ಮಡಚಿದ ಬಟ್ಟೆ ಬಿಡಿಸಿ ಮತ್ತೆ ಮಡಚಿದಳು. "ಹುಟ್ಟಿದ್ದು ನಾನು" ಎಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಆರು ವಾರದಿಂದ ಅದು ನನ್ನೊಳಗೇ ಇದೆ. ಅಮ್ಮನ ಬಾಯಲ್ಲಿ ಕೇಳಿ ನಗಬೇಕೋ ಬೇಡವೋ ತಿಳಿಯಲಿಲ್ಲ.

೧೭ ಮಾರ್ಚ್, ಶುಕ್ರವಾರ, ಬೆಳಿಗ್ಗೆ

ಫಜರ್ ನಮಾಜಿಗೆ ಎದ್ದಾಗ ಅಮ್ಮ ಆಗಲೇ ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿದ್ದಳು. ಡಬ್ಬಿಗೆ ಬಿಸಿ ಲಹೋಹ್ ತುಂಬುತ್ತಿದ್ದಳು.

"ಎಲ್ಲಿಗೆ?"

"ನಿನ್ನ ಅಜ್ಜಿಯ ಮನೆಗೆ. ನಿನ್ನೆ ಅಷ್ಟು ಜನ ಬಂದಿದ್ರಲ್ಲ. ಲೋಟ ತೊಳೆಯೋದು ಇರುತ್ತೆ."

"ಇರು, ನಾನೂ ಬರ್ತೀನಿ."

"ಬೇಡ." ಡಬ್ಬಿಯ ಮುಚ್ಚಳ ಒತ್ತಿದಳು. "ನೀನು ಮಧ್ಯೆ ಕೂತದ್ದು ಸಾಕು. ಇವತ್ತು ನನಗೇ ಹೇಳಲಿ."

ಹೋದಳು. ಕಾರಿನ ಸದ್ದು ತಿರುವಿನ ತನಕ ಕೇಳಿಸಿತು.

ಪ್ರಬಂಧ ತೆರೆದು ಕೂತೆ. ಎರಡನೇ ಅಧ್ಯಾಯಕ್ಕೆ ಅಡ್ಡಗೀಟು ಹಾಕಿದೆ. ದಾಳಿಂಬೆ ರಸ ಕುಡಿದು ಮುಗಿಸಿದೆ, ಹುಳಿ. ನೆಸ್ರಿನ್‌ಗೆ ಸಂದೇಶ ಹಾಕಿದೆ, ನೋಡಿದ್ದಾಳೆ, ಉತ್ತರವಿಲ್ಲ.

ಖದ್ರಾ ಎಡ್ಡೊ ಫೋನ್ ಮಾಡಿದಳು. ಅಜ್ಜಿಯ ಮನೆಯ ಮುಂದೆ ಹಾಯ್ದು ಬಂದಳಂತೆ. "ಕಿಟಕಿ ತೆರೆದಿದೆ ಹುಡುಗಿ. ಒಳಗೆ ಇಬ್ಬರು ಹಾಡ್ತಿದ್ದಾರೆ. ಒಂದು ದಹಬೊ ಧ್ವನಿ. ಇನ್ನೊಂದು ಯಾರದು?"

ಮಧ್ಯಾಹ್ನದ ಜುಮಾ ನಮಾಜಿನ ಹೊತ್ತಾಗುತ್ತಾ ಬಂತು. ಅಮ್ಮ ಬಂದಿಲ್ಲ. ಇಬ್ಬರೂ ಫೋನ್ ಎತ್ತುತ್ತಿಲ್ಲ. ಲೋಟ ತೊಳೆಯಲು ಇಷ್ಟು ಹೊತ್ತು ಬೇಕೆ? ಏನು ಹೇಳುತ್ತಿರಬಹುದು ಅಜ್ಜಿ? ನನಗೆ ಹೇಳದ್ದು ಇನ್ನೂ ಏನಾದರೂ... ಇಲ್ಲ, ಆಗುತ್ತಿಲ್ಲ. ಕೋಟು ಎಲ್ಲಿಟ್ಟೆ — ಬಾಗಿಲಲ್ಲಿ ನಿಂತಾದರೂ ಸರಿ, ನಾನೂ...